ಮನಸ್ಸು ಹೇಗಿದ್ಯೋ ಹಾಗೇ ನೋಡೋದು: ಚಿತ್ತಾನುಪಸ್ಸನಾ ಮನೇಲಿ ಶುರು ಮಾಡೋರಿಗೆ

"ಧ್ಯಾನ ನಂಗೆ ಆಗ್ಬರಲ್ಲ ಕಣ್ರೀ, ಕಣ್ಮುಚ್ಚಿದ್ರೆ ಸಾಕು ಇಲ್ಲದ ಯೋಚನೆಯೆಲ್ಲಾ ಬರತ್ತೆ" ಅನ್ನೋರು ಪ್ರತಿ ಮನೇಲೂ ಒಬ್ರಾದ್ರೂ ಇರ್ತಾರೆ. ಯೋಚನೆ ನಿಲ್ಲಿಸೋದೇ ಧ್ಯಾನ ಅಂತ ಯಾರೋ ಹೇಳಿರ್ತಾರೆ, ಅದು ನಿಲ್ಲಲ್ಲ, ನಿಲ್ಲದೇ ಇದ್ದಾಗ ನನ್ನ ಮನಸ್ಸೇ ಸರಿ ಇಲ್ಲ ಅಂತ ತೀರ್ಮಾನ ಮಾಡ್ಕೊಂಡು ಎದ್ದು ಹೋಗ್ಬಿಡ್ತಾರೆ. ಅಂಥೋರಿಗೋಸ್ಕರಾನೇ ಇದನ್ನ ಬರೀತಿರೋದು. ಮನಸ್ಸನ್ನ ನಿಲ್ಲಿಸು ಅಂತ ಕೇಳದೆ, ಅದು ಈಗ ಹೇಗಿದೆ ಅಂತ ತಿಳ್ಕೋ ಅಂತ ಮಾತ್ರ ಕೇಳೋ ಒಂದು ಸಾಧನೆ ಬುದ್ಧನ ಉಪದೇಶದಲ್ಲಿ ಇದೆ, ಅದರ ಹೆಸರು ಚಿತ್ತಾನುಪಸ್ಸನಾ, ಸಂಸ್ಕೃತದಲ್ಲಿ ಹೇಳೋದಾದ್ರೆ ಚಿತ್ತಾನುಪಶ್ಯನೆ. ಇದಕ್ಕೆ ಬೌದ್ಧರೇ ಆಗ್ಬೇಕು ಅಂತಿಲ್ಲ, ಮನೆದೇವರ ಪೂಜೆ ಬಿಡ್ಬೇಕು ಅಂತಾನೂ ಇಲ್ಲ.

ಬುದ್ಧನ ಉಪದೇಶಗಳಿರೋ ಪಾಲಿ ಭಾಷೆಯ ಗ್ರಂಥರಾಶಿ ತಿಪಿಟಕ, ಅದ್ರಲ್ಲಿ ಮಜ್ಝಿಮ ನಿಕಾಯ ಅನ್ನೋ ಸಂಗ್ರಹದ 10ನೇ ಸುತ್ತ, ಅಂದ್ರೆ ಉಪದೇಶ, ಸತಿಪಟ್ಠಾನ ಸುತ್ತ. ಕುರುದೇಶದ ಕಮ್ಮಾಸಧಮ್ಮ ಅನ್ನೋ ಊರಲ್ಲಿ ಭಿಕ್ಷುಗಳಿಗೆ ಹೇಳಿದ್ದು ಅಂತ ಸುತ್ತದ ಶುರುವಲ್ಲೇ ಬರತ್ತೆ. ದೇಹವನ್ನ ನೋಡೋದು, ಸುಖ-ದುಃಖದ ವೇದನೆಗಳನ್ನ ನೋಡೋದು, ಚಿತ್ತವನ್ನ ನೋಡೋದು, ಧಮ್ಮಗಳನ್ನ, ಅಂದ್ರೆ ಮನಸ್ಸಿಗೆ ಗೋಚರಿಸೋ ವಿಷಯಗಳನ್ನ, ನೋಡೋದು ಅಂತ ನಾಲ್ಕು ಭಾಗ. ಮೂರನೇದು ನಮ್ಮ ವಿಷಯ. ಆ ಭಾಗ ಬಹಳ ಚಿಕ್ಕದು, ಒಂದು ಪುಟ ಕೂಡ ಆಗಲ್ಲ. ಅದ್ರಲ್ಲಿ ಎಂಟು ಜೋಡಿ, ಒಟ್ಟು 16 ಥರದ ಮನಸ್ಸು: ರಾಗ ಇರೋ ಮನಸ್ಸು, ಇಲ್ಲದ ಮನಸ್ಸು, ದ್ವೇಷ ಇರೋದು, ಇಲ್ಲದ್ದು, ಮೋಹ ಇರೋದು, ಇಲ್ಲದ್ದು, ಮುದುಡಿಕೊಂಡಿರೋದು, ಚೆದುರಿಹೋಗಿರೋದು, ವಿಶಾಲ ಆಗಿರೋದು, ಆಗದೇ ಇರೋದು, ಇದಕ್ಕಿಂತ ಮೇಲಿನದ್ದು ಇರೋದು, ಇಲ್ಲದ್ದು, ಏಕಾಗ್ರ ಆಗಿರೋದು, ಆಗದ್ದು, ಬಿಡುಗಡೆ ಆಗಿರೋದು, ಆಗದ್ದು.

ಪ್ರತಿಯೊಂದಕ್ಕೂ ಹೇಳೋ ಮಾತು ಒಂದೇ. ದ್ವೇಷ ಇರೋ ಚಿತ್ತವನ್ನ ದ್ವೇಷ ಇರೋ ಚಿತ್ತ ಅಂತ ತಿಳೀತಾನೆ, ಬಿಡುಗಡೆ ಆದ ಚಿತ್ತವನ್ನ ಬಿಡುಗಡೆ ಆದ ಚಿತ್ತ ಅಂತ ತಿಳೀತಾನೆ. ಇಲ್ಲಿ ಸ್ವಲ್ಪ ನಿಂತು ನೋಡಿ. ಉರೀತಾ ಇರೋ ಮನಸ್ಸಿಗೂ ಮುಕ್ತವಾದ ಮನಸ್ಸಿಗೂ ಒಂದೇ ಸಾಲು, ಒಂದೇ ಕೆಲಸ. ಮೊದಲನೇದನ್ನ ಓಡಿಸು, ಎರಡನೇದನ್ನ ಹಿಡ್ಕೋ ಅಂತ ಆ ಭಾಗದಲ್ಲಿ ಎಲ್ಲೂ ಹೇಳಿಲ್ಲ. ನನ್ನ ಪ್ರಕಾರ ಇಡೀ ಸಾಧನೆಯ ಜೀವ ಇರೋದು ಇಲ್ಲೇ, ತನ್ನ ಮನಸ್ಸನ್ನ ಒಪ್ಕೊಳೋದು ಅಂದ್ರೆ ಅದು ಇರೋ ಹಾಗೆ ಸರಿಯಾಗಿ ತಿಳ್ಕೊಳೋದು, ಅದಕ್ಕಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ.

ಒಪ್ಕೊಂಡ್ರೆ ಕೆಟ್ಟದ್ದಕ್ಕೆ ಲೈಸೆನ್ಸ್ ಕೊಟ್ಟ ಹಾಗಾಗಲ್ವಾ

ಈ ಪ್ರಶ್ನೆ ಬಂದೇ ಬರತ್ತೆ, ಬರಬೇಕಾದ್ದೇ. ಸಿಟ್ಟು ಬಂದಿದೆ ಅಂತ ಒಪ್ಕೊಳೋದು ಬೇರೆ, ಆ ಸಿಟ್ಟಲ್ಲಿ ಮಗುಗೆ ಹೊಡೆಯೋದು ಬೇರೆ. ಕೈಗೆ, ಬಾಯಿಗೆ ಕಡಿವಾಣ ಮೊದಲು. ವಿಪಸ್ಸನಾ, ಅಂದ್ರೆ ಇರೋದನ್ನ ಇರೋ ಹಾಗೇ ನೋಡೋ ಧ್ಯಾನದ ಶಿಬಿರಗಳಲ್ಲಿ ಕಣ್ಮುಚ್ಚಿಸೋಕೆ ಮುಂಚೆ ಶೀಲ, ಅಂದ್ರೆ ನಡತೆಯ ವ್ರತ, ತಗೊಳೋದು ಸುಮ್ನೆ ಶಾಸ್ತ್ರಕ್ಕಲ್ಲ: ಕೊಲ್ಲಲ್ಲ, ಕದಿಯಲ್ಲ, ಸುಳ್ಳು ಹೇಳಲ್ಲ, ಶಿಬಿರ ಮುಗಿಯೋ ತನಕ ಬ್ರಹ್ಮಚರ್ಯ ಬಿಡಲ್ಲ, ನಶೆ ಮಾಡಲ್ಲ ಅಂತ ಒಂದು ಬೇಲಿ ಇದ್ದಾಗ ಒಳಗೆ ಏನೇ ಎದ್ರೂ ಧೈರ್ಯವಾಗಿ ನೋಡಬಹುದು, ಅದು ಆಚೆ ಹೋಗಿ ಯಾರಿಗೂ ತೊಂದ್ರೆ ಕೊಡಲ್ಲ ಅನ್ನೋ ನಂಬಿಕೆ ಇರತ್ತೆ. ನಡವಳಿಕೆಯಲ್ಲಿ ಗಟ್ಟಿ, ನೋಡೋದ್ರಲ್ಲಿ ಮೆತ್ತಗೆ. ಎಷ್ಟೋ ಜನ ಇದನ್ನ ತಿರುಗಾ ಮುರುಗಾ ಮಾಡ್ತಾರೆ, ಮನಸ್ಸಿನ ಮೇಲೆ ಪೊಲೀಸ್‌ಗಿರಿ, ಬಾಯಿಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ.

ಬರಬೇಡ ಅಂತ ಅದುಮಿಟ್ರೆ ಏನಾಗತ್ತೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ವೆಗ್ನರ್ 1987ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಬಿಳಿ ಕರಡಿ ಬಗ್ಗೆ ಯೋಚನೆ ಮಾಡಬೇಡಿ, ಬಂದ್ರೆ ಗಂಟೆ ಹೊಡೀರಿ ಅಂತ ಹೇಳಿದ್ರು. ಜನ ಗಂಟೆ ಹೊಡೀತಾನೇ ಇದ್ರು, ಆಮೇಲೆ ಈಗ ಯೋಚಿಸಬಹುದು ಅಂದಾಗ ಮೊದಲಿಂದ ಅದುಮಿಟ್ಟೋರಿಗೆ ಕರಡಿ ಇನ್ನೂ ಜಾಸ್ತಿ ಬಂತು. ಕರಡಿಗೇ ಹೀಗಾದ್ರೆ ನಮ್ಮ ಹೊಟ್ಟೆಕಿಚ್ಚು, ಭಯ, ಕಾಮಕ್ಕೆ ಇನ್ನೆಷ್ಟಿರಬೇಕು.

ಕೂರೋದು ಹೇಗೆ

ದೊಡ್ಡ ಏರ್ಪಾಡು ಏನೂ ಬೇಡ. ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ, ಮಂಡಿ ನೋವಿದ್ರೆ ಕುರ್ಚಿ ಮೇಲೆ ಕೂತ್ಕೊಳಿ, ಬೆನ್ನು ನೆಟ್ಟಗಿರಲಿ ಆದ್ರೆ ಸೆಟೆದುಕೊಂಡಿರಬಾರದು. ಫೋನ್ ಬೇರೆ ರೂಮಲ್ಲಿ ಇರಲಿ, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಕೊಂಡ್ರೆ ಅರ್ಧ ಮನಸ್ಸು ಅದರ ಮೇಲೇ ಇರತ್ತೆ. ಶುರುವಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು. ಬೆಳಗ್ಗೆ ಆದ್ರೆ ಒಳ್ಳೇದು, ಆದ್ರೆ ಮಕ್ಕಳ ಡಬ್ಬಿ ಕಟ್ಟೋ ಗಡಿಬಿಡೀಲಿ ಕೂತು ಎಲ್ಲರ ಮೇಲೂ ರೇಗೋದಕ್ಕಿಂತ ಅವರೆಲ್ಲ ಹೋದ ಮೇಲೆ ಕೂತ್ಕೊಳೋದೇ ಮೇಲು.

ಸೀದಾ ಮನಸ್ಸನ್ನ ನೋಡೋಕೆ ಹೋಗಬೇಡಿ. ಅದು ಕೈಗೆ ಸಿಗಲ್ಲ, ನೋಡ್ತಾ ನೋಡ್ತಾನೇ ಅದರ ಕಥೆ ಒಳಗೆ ಹೊಕ್ಬಿಡ್ತೀವಿ. ಮೊದಲು ಉಸಿರು. ಮೂಗಿನ ಹೊಳ್ಳೆ ಹತ್ರ ಗಾಳಿ ಒಳಗೆ ಹೋಗೋದು, ಆಚೆ ಬರೋದು, ಅಲ್ಲಿ ತಟ್ಟೋ ತಂಪು, ಬೆಚ್ಚಗೆ. ಬರ್ಮಾದ ಭಿಕ್ಷು ಗುರು ಮಹಾಸಿ ಸಯಾಡೊ ಅವರ ಪದ್ಧತೀಲಿ ಮೂಗಿನ ಬದಲು ಹೊಟ್ಟೆ ಏಳೋದು ಇಳಿಯೋದನ್ನ ಗಮನಿಸ್ತಾರೆ, ಯೋಚನೆ ಬಂದ್ರೆ "ಯೋಚನೆ, ಯೋಚನೆ" ಅಂತ ಮನಸ್ಸಲ್ಲೇ ಗುರುತು ಹಾಕ್ತಾರೆ. ಬರ್ಮಾದಲ್ಲೇ ಸಯಾಜಿ ಊ ಬಾ ಖಿನ್ ಹತ್ರ ಕಲ್ತು 1969ರಲ್ಲಿ ಇಂಡಿಯಾಗೆ ಬಂದ ಎಸ್. ಎನ್. ಗೋಯೆಂಕಾ ಅವರ ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಪೂರ್ತಿ ಉಸಿರೇ, ನಾಲ್ಕನೇ ದಿನ ವಿಪಸ್ಸನಾ ಹೇಳ್ಕೊಡ್ತಾರೆ. ಮನಸ್ಸನ್ನ ಅಲ್ಲಿ ಮೈಮೇಲಿನ ಸಂವೇದನೆ ಮೂಲಕಾನೇ ಹಿಡಿಯೋದು. ಯಾವುದು ಮೇಲು ಅಂತ ವಾದ ಮಾಡೋರು ಇದ್ದಾರೆ, ಶುರು ಮಾಡೋರಿಗೆ ಆ ವಾದ ಬೇಡ, ಉಸಿರು ಎಲ್ಲಿ ಚೆನ್ನಾಗಿ ಗೊತ್ತಾಗತ್ತೋ ಅಲ್ಲಿ ಹಿಡೀರಿ, ದಿನಾ ಬದಲಾಯಿಸ್ಬೇಡಿ ಅಷ್ಟೇ.

ಐದು ನಿಮಿಷ ಹಾಗೆ ಕೂತ ಮೇಲೆ ಒಂದೇ ಒಂದು ಪ್ರಶ್ನೆ ಒಳಗೆ ಬಿಡಿ: ಈಗ ಮನಸ್ಸು ಹೇಗಿದೆ? ಯಾಕೆ ಹಾಗಿದೆ ಅಂತ ಕೇಳಬೇಡಿ. "ಯಾಕೆ" ಅಂದ ತಕ್ಷಣ ಬಾಲ್ಯದಿಂದ ಹಿಡಿದು ಹೋದ ವಾರದ ಮೀಟಿಂಗ್ ತನಕ ಎಲ್ಲಾ ಬಿಚ್ಕೊಳತ್ತೆ. ಹೇಗಿದೆ ಅನ್ನೋದಕ್ಕೆ ಉತ್ತರ ಒಂದೆರಡು ಮಾತಲ್ಲಿ ಮುಗಿಯತ್ತೆ, ನಿಮ್ಮ ಮನೆ ಮಾತಲ್ಲೇ ಹೇಳ್ಕೊಳಿ: ಉರಿ ಇದೆ, ಆಸೆ ಇದೆ, ಮಂಕು ಕವಿದಿದೆ, ಕುಗ್ಗಿದೆ, ಚೆಲ್ಲಾಪಿಲ್ಲಿ ಆಗಿದೆ, ನಿರಾಳ ಇದೆ. ಪಾಲಿ ಪದ ಬಾಯಿಪಾಠ ಮಾಡೋ ಅಗತ್ಯ ಇಲ್ಲ.

ಒಂದು ಬೆಳಗ್ಗೆ ಹತ್ತಿರದಿಂದ

ಒಬ್ಬ ಹೆಂಗಸು ಕೂತಿದ್ದಾರೆ ಅನ್ಕೊಳಿ. ಉಸಿರು ಹೋಗ್ತಿದೆ ಬರ್ತಿದೆ, ಪಕ್ಕದ ಮನೆ ಕುಕ್ಕರ್ ವಿಶಲ್ ಹೊಡೀತು, ಆ ಸದ್ದಿಗೆ ಅಡುಗೆ ನೆನಪಾಯ್ತು, ಅಡುಗೆಯಿಂದ ಹೋದ ತಿಂಗಳ ಗೃಹಪ್ರವೇಶದ ಊಟ, ಅಲ್ಲಿ ಎಲ್ಲರ ಮುಂದೆ ಅತ್ತಿಗೆ "ನಿಮ್ಮ ಮಗ ಇನ್ನೂ ಅದೇ ಕೆಲಸದಲ್ಲೇ ಇದಾನಾ?" ಅಂತ ನಗ್ತಾ ಕೇಳಿದ್ದು. ಅಷ್ಟೇ, ಅಲ್ಲಿಂದ ಶುರು. ಆಗ ಹೇಳಬೇಕಾಗಿದ್ದ ಉತ್ತರ ಈಗ ರೆಡಿ ಆಗ್ತಿದೆ, ಒಂದಲ್ಲ ಮೂರು ನಾಲ್ಕು ಥರದ್ದು, ಒಂದಕ್ಕಿಂತ ಒಂದು ಚುರುಕು. ಕಿವಿ ಬಿಸಿ, ಹಲ್ಲು ಕಚ್ಕೊಂಡಿದೆ, ಉಸಿರು ಎದೆ ಮೇಲ್ಗಡೆ ಮಾತ್ರ ಆಡ್ತಿದೆ, ಇವರಿಗೆ ಇದ್ಯಾವುದೂ ಗೊತ್ತಿಲ್ಲ, ಇವರು ಇನ್ನೂ ಗೃಹಪ್ರವೇಶದ ಪಂಕ್ತೀಲೇ ಇದ್ದಾರೆ.

ಒಂದು ಗಳಿಗೇಲಿ ಗೊತ್ತಾಗತ್ತೆ, ಓ, ಎಲ್ಲಿಗೋ ಹೋಗ್ಬಿಟ್ಟಿದ್ದೆ ಅಂತ. ಗೊತ್ತಾದ ಆ ಗಳಿಗೆ ಇದ್ಯಲ್ಲ, ಅದೇ ಸಾಧನೆ. ಉಸಿರಿನ ಮೇಲೆ ನಿಂತಿದ್ದ ಐದು ನಿಮಿಷಕ್ಕಿಂತ ಅದಕ್ಕೆ ಬೆಲೆ ಜಾಸ್ತಿ. ಅಲ್ಲಿ ಮಾಡಬೇಕಾದ್ದು ಇಷ್ಟು: "ಸಿಟ್ಟಿದೆ" ಅಂತ ಮೆಲ್ಲಗೆ ಹೇಳ್ಕೊಳೋದು, ಅತ್ತಿಗೆ ಮುಖದಿಂದ ಗಮನ ತೆಗೆದು ಕಿವಿಯ ಬಿಸಿಗೆ, ದವಡೆಯ ಬಿಗಿಗೆ ತರೋದು, ದವಡೇನ ಸಡಿಲ ಮಾಡಲೇಬೇಕು ಅಂತೇನಿಲ್ಲ, ಬಿಗಿಯಾಗಿದ್ರೆ ಬಿಗಿಯಾಗಿದೆ ಅಂತ ಗೊತ್ತಿದ್ರೆ ಸಾಕು. ಅದು ಸ್ವಲ್ಪ ಹೊತ್ತು ಇರತ್ತೆ, ಹೆಚ್ಚಾಗತ್ತೆ, ಕಡಿಮೆ ಆಗತ್ತೆ, ಮತ್ತೆ ಒಂದು ಅಲೆ ಬರತ್ತೆ. ಸುತ್ತದಲ್ಲೂ ಚಿತ್ತ ಹುಟ್ಟೋದನ್ನ ನೋಡು, ಹೋಗೋದನ್ನ ನೋಡು ಅಂತಾನೇ ಇರೋದು.

ಈಗ ನಿಜವಾದ ಕಷ್ಟ. ಸಿಟ್ಟು ಇನ್ನೂ ಆರಿರಲ್ಲ, ಅಷ್ಟರಲ್ಲಿ ಒಳಗಿಂದ ಇನ್ನೊಂದು ದನಿ: "ಛೆ, ಇಷ್ಟು ದಿನದಿಂದ ಕೂರ್ತಿದೀನಿ, ಇನ್ನೂ ಇಂಥ ಸಣ್ಣ ಮಾತಿಗೆ ಉರ್ಕೋತೀನಲ್ಲ, ನಾನೆಂಥ ಹೆಂಗಸು." ಇದು ಬುದ್ಧಿವಾದದ ಹಾಗೆ, ವಿವೇಕದ ಹಾಗೆ ಕೇಳ್ಸತ್ತೆ, ಅದಕ್ಕೇ ಮೋಸ ಹೋಗ್ತೀವಿ. ಅದೂ ದ್ವೇಷ ಇರೋ ಚಿತ್ತವೇ, ಮೊದಲನೇದು ಅತ್ತಿಗೆ ಕಡೆ ಮುಖ ಮಾಡಿತ್ತು, ಇದು ನಿಮ್ಮ ಕಡೆ ಮುಖ ಮಾಡಿದೆ. ಅದಕ್ಕೂ ಅದೇ ಕೆಲಸ: "ಬೈಕೊಳ್ತಾ ಇದೆ." ಬೈಕೊಳ್ತಾ ಇರೋದಕ್ಕೆ ಮತ್ತೆ ಬೈಕೊಂಡ್ರೆ, ಅದನ್ನೂ ನೋಡಿ. ತಿಪಿಟಕದ ಇನ್ನೊಂದು ಸಂಗ್ರಹ ಸಂಯುತ್ತ ನಿಕಾಯದ ಸಲ್ಲ ಸುತ್ತದಲ್ಲಿ ಇದಕ್ಕೆ ಎರಡು ಬಾಣದ ಹೋಲಿಕೆ ಇದೆ, ಒಂದು ಬಾಣ ತಾಗಿದೆ, ಆ ನೋವಿಗೆ ಗೋಳಾಡಿ ಎದೆ ಬಡ್ಕೊಳೋದು ಎರಡನೇ ಬಾಣ. ಅತ್ತಿಗೆ ಮಾತು ಹೊರಗಿಂದ ಬಂದದ್ದು, ಅದನ್ನ ತಡೆಯೋಕೆ ಆಗ್ತಿರಲಿಲ್ಲ. ಎರಡನೇದು ಹಾಗಲ್ಲ. ಮನಸ್ಸನ್ನ ಒಪ್ಕೊಳೋದು ಅಂತ ನಾನು ಇಷ್ಟು ಒತ್ತಿ ಹೇಳೋದು ಆ ಎರಡನೇದರ ವಿಷಯಕ್ಕೆ.

"ನಾನು ಸಿಟ್ಟಿನವಳು" ಅನ್ನಬೇಡಿ, "ಸಿಟ್ಟಿದೆ" ಅನ್ನಿ. ಮೊದಲನೇದು ಜೀವನಪೂರ್ತಿ ಅಂಟ್ಕೊಳೋ ಹಣೆಪಟ್ಟಿ, ಎರಡನೇದು ಈ ಹೊತ್ತಿನ ಸುದ್ದಿ.

ಒಪ್ಕೊಳೋಕೆ ನಾಚಿಕೆ ಆಗೋ ಮನಸ್ಸುಗಳು

ಸಿಟ್ಟು ಪರವಾಗಿಲ್ಲ, ಸಿಟ್ಟು ಬಂತು ಅಂತ ನಾಲ್ಕು ಜನರ ಮುಂದೆ ಹೇಳಬಹುದು. ಹೇಳೋಕಾಗದ್ದು ಬೇರೆ ಇರತ್ತೆ. ತಮ್ಮ ಸೈಟ್ ತಗೊಂಡ ಅಂತ ಸ್ವೀಟ್ ಕೊಡೋಕೆ ಬಂದಾಗ ಎದೆಯಲ್ಲಿ ಚುರ್ ಅಂದದ್ದು. ಗೆಳತಿ ಮಗಳಿಗೆ ಸೀಟ್ ಸಿಗಲಿಲ್ಲ ಅಂತ ಗೊತ್ತಾದಾಗ ಒಂದು ಕ್ಷಣ ಸಮಾಧಾನ ಆದದ್ದು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅತ್ತೆಯನ್ನ ನೋಡ್ಕೊಂಡು, ಡಯಪರ್ ಬದಲಾಯಿಸಿ, ರಾತ್ರಿ ಎರಡೆರಡು ಸಲ ಎದ್ದು ಮಗ್ಗುಲು ತಿರುಗಿಸಿ, ಕೊನೆಗೆ ಅವರು ಹೋದ ದಿನ ಅಳುವಿನ ಜೊತೆಗೇ "ಉಸ್ಸಪ್ಪಾ, ಮುಗೀತು" ಅನ್ಸಿದ್ದು. ಈ ಕೊನೇದನ್ನ ಹೊಟ್ಟೇಲಿಟ್ಕೊಂಡು ಎಷ್ಟು ಜನ ಸೊಸೆಯಂದ್ರು, ಮಕ್ಕಳು ತಮ್ಮನ್ನ ತಾವೇ ಪಾಪಿಗಳು ಅನ್ಕೊಂಡು ಬದುಕ್ತಿದ್ದಾರೋ. ಅದು ಪಾಪ ಅಲ್ಲ. ದಣಿದ ಮೈಯ ನಿಟ್ಟುಸಿರು, ಅದರ ಪಕ್ಕದಲ್ಲೇ ದುಃಖಾನೂ ಇದೆ, ಎರಡೂ ನಿಜ. ಎರಡನ್ನೂ ಇದೆ ಇದೆ ಅಂತ ನೋಡಿ, ಒಂದು ಇನ್ನೊಂದನ್ನ ಸುಳ್ಳು ಮಾಡಲ್ಲ.

ಹೊಟ್ಟೆಕಿಚ್ಚಿನ ವಿಷಯಕ್ಕೂ ಹೀಗೇ, ಚುರ್ ಅಂದದ್ದನ್ನ ಒಳಗೆ ನೀವೇ ಮೊದಲು ನೋಡ್ಬಿಟ್ರೆ ತಮ್ಮನ ಹತ್ರ "ಆ ಏರಿಯಾಲಿ ನೀರಿಲ್ವಂತಲ್ಲೋ" ಅನ್ನೋ ಮಾತು ಬಾಯಿಗೆ ಬರೋ ಮುಂಚೆ ಒಂದು ಗ್ಯಾಪ್ ಸಿಗತ್ತೆ. ನೋಡದೇ ಇದ್ದದ್ದೇ ಮಾತಾಗಿ ಆಚೆ ಬರೋದು.

ಸಂಯುತ್ತ ನಿಕಾಯದಲ್ಲಿ ಮಾರ, ಅಂದ್ರೆ ಸಾಧಕರನ್ನ ದಾರಿ ತಪ್ಪಿಸೋಕೆ ನೋಡೋನು, ಅನೇಕ ವೇಷದಲ್ಲಿ ಬುದ್ಧನ ಹತ್ರ ಬರೋ ಪ್ರಸಂಗಗಳಿವೆ, ಹೆದರಿಸೋಕೆ, ಅನುಮಾನ ಹುಟ್ಟಿಸೋಕೆ. ಬುದ್ಧ ಯುದ್ಧ ಮಾಡಲ್ಲ. ಇವನು ಮಾರ ಅಂತ ಗುರುತು ಹಿಡೀತಾನೆ, ಮಾರ "ನನ್ನನ್ನ ಗುರುತು ಹಿಡಿದ್ಬಿಟ್ಟ" ಅಂತ ಬೇಜಾರು ಮಾಡ್ಕೊಂಡು ಹೊರಟುಹೋಗ್ತಾನೆ. ಆಮೇಲೂ ಬರ್ತಾನೆ ಅನ್ನೋದನ್ನೂ ಮರೀಬೇಡಿ, ಜ್ಞಾನೋದಯ ಆದ ಮೇಲೂ ಬರ್ತಾನೆ. ನಮ್ಮ ಮನಸ್ಸಿಗೆ ಒಂದೇ ವಿಚಾರ ನೂರು ಸಲ ಬಂದ್ರೆ ಗಾಬರಿ ಬೀಳೋಂಥದ್ದು ಏನಿದೆ?

ಒಳ್ಳೇದಿದ್ದಾಗ ಗಮನಿಸದೇ ಬಿಡೋದು

ಆ 16ರಲ್ಲಿ ಜನ ಪೂರ್ತಿ ಮರೆಯೋದು ಜೋಡಿಯ ಎರಡನೇ ಭಾಗ. ದ್ವೇಷ ಇಲ್ಲದ ಚಿತ್ತ ಅಂತಾನೂ ಒಂದು ಸಾಲಿದೆ. ಮಧ್ಯಾಹ್ನ ಊಟ ಆಗಿ ಮೊಸರಿನ ಪಾತ್ರೆ ಎತ್ತಿಡ್ತಾ ಇರೋವಾಗ ಯಾರ ಮೇಲೂ ಏನೂ ಇಲ್ಲ, ಏನೂ ಬೇಕು ಅನ್ನಿಸ್ತಿಲ್ಲ, ಸುಮ್ನೆ ಇದೆ ಮನಸ್ಸು. ಅದು ಸಪ್ಪೆ ಅನ್ಸತ್ತೆ, ಹಾಗಾಗಿ ಲೆಕ್ಕಕ್ಕೆ ತಗೊಳಲ್ಲ, ಕೈ ಫೋನ್ ಕಡೆ ಹೋಗತ್ತೆ. ಅದನ್ನ ಗುರುತು ಹಿಡೀರಿ, "ಈಗ ಸಿಟ್ಟಿಲ್ಲ" ಅಂತ ಬೇಕಂತಲೇ ಒಂದು ಸಲ ನೋಡಿ. ಬರೀ ಕೆಟ್ಟದ್ದನ್ನ ಹುಡ್ಕೋದೇ ಸಾಧನೆ ಆದ್ರೆ ಮನಸ್ಸಿನ ಬಗ್ಗೆ ಅರ್ಧ ಸುದ್ದಿ ಮಾತ್ರ ಸಿಗತ್ತೆ, ಅದೂ ಕೆಟ್ಟ ಅರ್ಧ.

ಇನ್ನು ಮುದುಡಿಕೊಂಡ ಮನಸ್ಸು. ಅಟ್ಠಕಥೆಗಳು, ಅಂದ್ರೆ ಸುತ್ತಗಳಿಗೆ ಬರೆದ ಹಳೇ ವ್ಯಾಖ್ಯಾನಗಳು, ಇದನ್ನ ಜಡ, ತೂಕಡಿಕೆಗೆ ಬಿದ್ದ ಮನಸ್ಸು ಅಂತ ವಿವರಿಸ್ತವೆ. ಕೂತಾಗ ತೂಕಡಿಸಿದ್ರೆ ಕಣ್ಣು ಬಿಡಿ, ಎದ್ದು ನಾಲ್ಕು ಹೆಜ್ಜೆ ನಡೀರಿ, ನಿದ್ದೆ ಕಡಿಮೆ ಆಗಿದ್ರೆ ಮೊದಲು ನಿದ್ದೆ ಮಾಡಿ.

ನೋಡಿದ್ರೂ ಹೋಗದೇ ಇದ್ರೆ

ಬರೀ ನೋಡ್ತಾ ಕೂರೋದೇ ಎಲ್ಲದಕ್ಕೂ ಮದ್ದು ಅಂತ ಬುದ್ಧನೂ ಹೇಳಿಲ್ಲ. ಮಜ್ಝಿಮ ನಿಕಾಯದ 20ನೇ ಸುತ್ತದಲ್ಲಿ ಕಾಡೋ ವಿಚಾರಕ್ಕೆ ಐದು ದಾರಿ ಇದೆ: ಅದರ ಜಾಗಕ್ಕೆ ಒಳ್ಳೇ ವಿಚಾರ ತರೋದು, ಅದ್ರಿಂದ ಆಗೋ ಕೇಡನ್ನ ನೆನೆಸ್ಕೊಳೋದು, ಗಮನ ಕೊಡದೇ ಬಿಡೋದು, ಅದು ಎಲ್ಲಿಂದ ಹೇಗೆ ಎದ್ದಿದೆ ಅಂತ ನೋಡಿ ಮೆಲ್ಲಗೆ ಇಳಿಸೋದು, ಇದ್ಯಾವುದೂ ಆಗದಿದ್ರೆ ಹಲ್ಲು ಕಚ್ಚಿ ನಾಲಿಗೇನ ಅಂಗುಳಕ್ಕೆ ಒತ್ತಿ ಮನಸ್ಸಿಂದಾನೇ ಮನಸ್ಸನ್ನ ಅದುಮೋದು. ಅದುಮೋದು ಪಟ್ಟಿಯ ಕೊನೇಲಿದೆ, ನಾವು ಅದನ್ನೇ ಮೊದಲು ಮಾಡ್ತೀವಿ. ಯಾವ ದಾರಿ ಹಿಡಿಯೋದಕ್ಕೂ ಮುಂಚೆ ಏನು ಬಂದಿದೆ ಅಂತ ಗೊತ್ತಿರಬೇಕಲ್ಲ, ಅದಕ್ಕೇ ನೋಡೋದನ್ನ ಮೊದಲು ಕಲೀರಿ ಅನ್ನೋದು.

ಕಣ್ಣು ಬಿಟ್ಟ ಮೇಲೂ ಇದನ್ನ ಬಿಡ್ಬೇಡಿ. ಫ್ಯಾಮಿಲಿ ಗ್ರೂಪಲ್ಲಿ ಯಾರೋ ಹಾಕಿದ ಮೆಸೇಜ್‌ಗೆ ರಿಪ್ಲೈ ಟೈಪ್ ಮಾಡ್ತಾ ಇದೀರಾ, ಕಳಿಸೋ ಮುಂಚೆ ಒಂದು ಉಸಿರು, ಮನಸ್ಸು ಹೇಗಿದೆ? ಸಿಗ್ನಲ್‌ನಲ್ಲಿ ಹಿಂದಿನವನು ಹಾರ್ನ್ ಒತ್ತಿ ಒತ್ತಿ ಸಾಯಿಸ್ತಿದ್ದಾನೆ, ಮನಸ್ಸು ಹೇಗಿದೆ? ಮಗ ಮಾರ್ಕ್ಸ್ ಕಾರ್ಡ್ ತಂದು ನಿಂತಿದ್ದಾನೆ, ಬಾಯಿ ತೆರೆಯೋ ಮುಂಚೆ, ಮನಸ್ಸು ಹೇಗಿದೆ? ಇದು ಕೆಲಸ ಮಾಡ್ತಿದ್ಯಾ ಅನ್ನೋದನ್ನ ಶಾಂತಿ ಎಷ್ಟು ಸಿಕ್ತು ಅಂತ ಅಳೀಬೇಡಿ. ಎಷ್ಟು ಬೇಗ ಗೊತ್ತಾಯ್ತು ಅಂತ ನೋಡಿ. ಮೊದಮೊದಲು ಜಗಳ ಆಗಿ ಮಾರನೇ ದಿನ ಗೊತ್ತಾಗತ್ತೆ, ಆಮೇಲೆ ಜಗಳದ ಮಧ್ಯದಲ್ಲಿ, ಒಂದೊಂದು ದಿನ ಕಿವಿ ಬಿಸಿ ಆಗೋವಾಗಲೇ. ಮತ್ತೆ ಹಿಂದಕ್ಕೂ ಹೋಗತ್ತೆ, ಮೈ ಹುಷಾರಿಲ್ಲದಾಗ, ನಿದ್ದೆ ಇಲ್ಲದಾಗ ಎಲ್ಲಾ ಕೆಡತ್ತೆ, ಇರಲಿ.

ಎಚ್ಚರ ಬೇಕಾದ ಕಡೆ

ಕಣ್ಮುಚ್ಚಿದ್ರೆ ಹಳೇ ಆಘಾತ ಕಣ್ಣಿಗೆ ಕಟ್ಟಿ ಉಸಿರು ಕಟ್ತಿದ್ರೆ, ವಾರಗಟ್ಟಲೆ ಏನೂ ಬೇಡ ಅನ್ಸಿ ಊಟ ನಿದ್ದೆ ಕೆಟ್ಟಿದ್ರೆ, ಬದುಕೋದೇ ಬೇಡ ಅನ್ಸಿದ್ರೆ, ಒಬ್ರೇ ಕೂತು ನೋಡ್ತಾ ಇರಬೇಡಿ. ಡಾಕ್ಟರ್ ಹತ್ರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಫ್ರೀ, ಕನ್ನಡದಲ್ಲೂ ಮಾತಾಡಬಹುದು. ಮಾತ್ರೆ ತಗೊಳ್ತಾ ಇದ್ರೆ ಧ್ಯಾನ ಶುರು ಮಾಡಿದೀನಿ ಅಂತ ನೀವೇ ನಿಲ್ಲಿಸ್ಬೇಡಿ, ಅದು ಅಪಾಯ. ಮಾತ್ರೆ ತಗೊಳೋ ಮನಸ್ಸಿಗೆ ಸಾಧನೆಯ ಯೋಗ್ಯತೆ ಇಲ್ಲ ಅನ್ನೋರ ಮಾತು ಕಿವಿಗೇ ಹಾಕ್ಕೊಬೇಡಿ.

ಪದ್ಧತಿ ಪ್ರಕಾರ ಕಲೀಬೇಕು ಅನ್ನೋರಿಗೆ ಬೆಂಗಳೂರಿನ ಗಾಂಧಿನಗರದಲ್ಲಿ ಆಚಾರ್ಯ ಬುದ್ಧರಕ್ಖಿತ ಅವರು 1956ರಲ್ಲಿ ಶುರು ಮಾಡಿದ ಮಹಾಬೋಧಿ ಸೊಸೈಟಿ ಇದೆ. ಗೋಯೆಂಕಾ ಪರಂಪರೆಯ ಧಮ್ಮ ಪಫುಲ್ಲ ಕೇಂದ್ರ ಬೆಂಗಳೂರಿನ ಹತ್ರ ಆಲೂರಲ್ಲಿದೆ. ಹತ್ತು ದಿನದ ಶಿಬಿರಕ್ಕೆ ಫೀಸ್ ಇಲ್ಲ, ಹಿಂದೆ ಶಿಬಿರ ಮುಗಿಸಿದೋರು ಕೊಟ್ಟ ದಾನದಲ್ಲಿ ನಡೆಯತ್ತೆ. ಮಾತಿಲ್ಲ, ಫೋನ್ ಇಲ್ಲ, ಓದೋದು ಬರೆಯೋದೂ ಇಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ ಹೊಡೆಯತ್ತೆ. ಅರ್ಜೀಲಿ ದೇಹದ, ಮನಸ್ಸಿನ ಆರೋಗ್ಯದ ಬಗ್ಗೆ ಕೇಳ್ತಾರೆ, ಏನನ್ನೂ ಮುಚ್ಚಿಡಬೇಡಿ. ಒಂದು ದಿನದ ಶಿಬಿರ ಇದೆಯಲ್ಲ ಅದಕ್ಕೆ ಹೋಗ್ತೀನಿ ಅಂದ್ರೆ ಆಗಲ್ಲ, ಅದು ಹತ್ತು ದಿನ ಮುಗಿಸಿದೋರಿಗೆ ಮಾತ್ರ. ಮಧ್ಯದಲ್ಲಿ ಬಿಟ್ಟು ಬರಬಾರದು ಅನ್ನೋದು ಅಲ್ಲಿನ ನಿಯಮ, ಹಾಗಾಗಿ ಆಫೀಸಿನ ರಜೆ, ಮನೇಲಿ ವಯಸ್ಸಾದೋರನ್ನ, ಮಕ್ಕಳನ್ನ ಯಾರು ನೋಡ್ಕೊಳ್ತಾರೆ ಅನ್ನೋದನ್ನೆಲ್ಲ ಮೊದಲೇ ಕೂತು ಮಾತಾಡ್ಕೊಂಡು ಆಮೇಲೆ ಅರ್ಜಿ ಹಾಕಿ. ಅಲ್ಲೀವರೆಗೂ ಮನೇಲಿ ದಿನಾ ಇಪ್ಪತ್ತು ನಿಮಿಷ ನಡೀಲಿ.